ಸೀಟು ಯಾರಿಗೆ? ವೃತ್ತಿಶಿಕ್ಷಣ ಪ್ರವೇಶದಲ್ಲಿ ಹಳ್ಳಿ, ಕನ್ನಡ ಮತ್ತು ರ‍್ಯಾಂಕು

ಪ್ರತಿವರ್ಷ ಸಿಇಟಿ ಫಲಿತಾಂಶ ಬಂದ ಮೇಲೆ ಕರ್ನಾಟಕದ ಸಾವಿರಾರು ಮನೆಗಳಲ್ಲಿ ಅಪ್ಪ–ಅಮ್ಮಂದಿರು ಒಂದು ಹೊಸ ಅಕ್ಷರಮಾಲೆಯನ್ನು ಕಲಿಯಲು ಕೂರುತ್ತಾರೆ. ಜಿಎಂ, ಜಿಎಂಆರ್, ಜಿಎಂಕೆ. 2ಎಜಿ, 2ಎಆರ್, 2ಎಕೆ. ಎಸ್‌ಸಿಜಿ, ಎಸ್‌ಸಿಆರ್, ಎಸ್‌ಸಿಕೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಪ್ರಕಟಿಸುವ ಕಟ್‌ಆಫ್ ಪಟ್ಟಿಯಲ್ಲಿ ಇವು ಒಂದೊಂದು ಕಂಬಸಾಲಿನ ತಲೆಬರಹಗಳು; ಯಾವ ಕಾಲೇಜಿನ ಯಾವ ವಿಭಾಗದಲ್ಲಿ ಕೊನೆಯ ಸೀಟು ಎಷ್ಟನೇ ರ‍್ಯಾಂಕಿಗೆ ಹೋಯಿತು ಎಂಬುದನ್ನು ಅವುಗಳ ಕೆಳಗಿನ ಅಂಕಿಗಳು ಹೇಳುತ್ತವೆ. ಸಂಕೇತದ ಮೊದಲ ಭಾಗ ಅಭ್ಯರ್ಥಿಯ ಪ್ರವರ್ಗವನ್ನು (ಜಿಎಂ ಎಂದರೆ ಸಾಮಾನ್ಯ ಅರ್ಹತೆ) ತಿಳಿಸಿದರೆ, ಕೊನೆಯ ಅಕ್ಷರವಾದ ‘ಆರ್’ ಗ್ರಾಮೀಣ ವ್ಯಾಸಂಗವನ್ನೂ ‘ಕೆ’ ಕನ್ನಡ ಮಾಧ್ಯಮವನ್ನೂ ಸೂಚಿಸುತ್ತದೆ. ಮೀಸಲಾತಿಯ ಬಗ್ಗೆ ನಮ್ಮಲ್ಲಿ ನಡೆಯುವ ವಾದವಿವಾದವೆಲ್ಲ ಆ ಮೊದಲ ಭಾಗದ ಸುತ್ತಲೇ ಸುತ್ತುತ್ತದೆ. ಕೊನೆಯ ಅಕ್ಷರ ಏಕೆ ಬಂತು, ಅದು ಯಾರನ್ನು ತಲುಪುತ್ತಿದೆ, ಯಾರನ್ನು ತಲುಪುತ್ತಿಲ್ಲ ಎಂದು ಕೇಳುವವರು ಕಡಿಮೆ. ಎಂಜಿನಿಯರಿಂಗ್ ಮತ್ತು ವೈದ್ಯಕೀಯ ಕಾಲೇಜುಗಳ ಬಾಗಿಲಲ್ಲಿ ನ್ಯಾಯ ಎಂದರೇನು ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಆ ಒಂದು ಅಕ್ಷರವೇ ಒಳ್ಳೆಯ ಆರಂಭ ಎಂದು ನನಗೆ ಅನ್ನಿಸುತ್ತದೆ.

ಮೊದಲು ಲೆಕ್ಕ. ರಾಜ್ಯದಲ್ಲಿ ಹಿಂದುಳಿದ ವರ್ಗಗಳಿಗೆ ಒಟ್ಟು ಶೇ 32ರಷ್ಟು ಮೀಸಲಾತಿ ಇದೆ: ಪ್ರವರ್ಗ 1ಕ್ಕೆ ಶೇ 4, 2ಎಗೆ ಶೇ 15, 2ಬಿಗೆ ಶೇ 4, 3ಎಗೆ ಶೇ 4, 3ಬಿಗೆ ಶೇ 5. ಪರಿಶಿಷ್ಟ ಜಾತಿಗೆ ಶೇ 15 ಮತ್ತು ಪರಿಶಿಷ್ಟ ಪಂಗಡಕ್ಕೆ ಶೇ 3 ಇದ್ದ ಪಾಲನ್ನು 2022ರಲ್ಲಿ ಕ್ರಮವಾಗಿ ಶೇ 17 ಮತ್ತು ಶೇ 7ಕ್ಕೆ ಏರಿಸಲಾಯಿತು. ಇವು ಲಂಬ ಮೀಸಲಾತಿ. ಇವುಗಳಲ್ಲಿ ಪ್ರತಿಯೊಂದರ ಒಳಗೂ, ಸಾಮಾನ್ಯ ಅರ್ಹತೆಯ ಸೀಟುಗಳನ್ನೂ ಸೇರಿಸಿ, ಶೇ 15ರಷ್ಟು ಸೀಟುಗಳು ಒಂದರಿಂದ ಹತ್ತನೇ ತರಗತಿಯವರೆಗೆ ಹಳ್ಳಿಯ ಶಾಲೆಯಲ್ಲಿ ಓದಿದವರಿಗೆ ಹಾಗೂ ಶೇ 5ರಷ್ಟು ಸೀಟುಗಳು ಅದೇ ಹತ್ತು ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಮೀಸಲು. ಬಟ್ಟೆಯ ಉದ್ದದ ಎಳೆಗಳಿಗೆ ಅಡ್ಡ ಎಳೆ ಹಾಯುವಂತೆ ಪ್ರವರ್ಗಗಳಿಗೆ ಅಡ್ಡಲಾಗಿ ಹಾಯುವ ಈ ಬಗೆಯನ್ನು ಸಮತಲ ಮೀಸಲಾತಿ ಎನ್ನುತ್ತಾರೆ. ಇದಲ್ಲದೆ ಸಂವಿಧಾನದ 371ಜೆ ವಿಧಿಯ ಅಡಿಯಲ್ಲಿ ಕಲ್ಯಾಣ ಕರ್ನಾಟಕದ ಅಭ್ಯರ್ಥಿಗಳಿಗೆ ಆ ಭಾಗದ ಕಾಲೇಜುಗಳಲ್ಲಿ ಶೇ 70 ಮತ್ತು ರಾಜ್ಯದ ಉಳಿದೆಡೆ ಶೇ 8ರಷ್ಟು ಸೀಟುಗಳಿವೆ.

ಕಾಗದದ ಮೇಲೆ ಇದು ವಿಸ್ತಾರವಾಗಿ ಕಾಣುತ್ತದೆ. ಒಂದು ಖಾಸಗಿ ಎಂಜಿನಿಯರಿಂಗ್ ಕಾಲೇಜಿನ 60 ಸೀಟುಗಳ ಒಂದು ವಿಭಾಗಕ್ಕೆ ಇದನ್ನು ಅನ್ವಯಿಸಿ ನೋಡಿದರೆ ಬೇರೆ ಚಿತ್ರ ಸಿಗುತ್ತದೆ. ಸರ್ಕಾರ ಮತ್ತು ಖಾಸಗಿ ಕಾಲೇಜುಗಳ ನಡುವಿನ ಒಪ್ಪಂದದಂತೆ ಅಲ್ಪಸಂಖ್ಯಾತೇತರ ಕಾಲೇಜುಗಳಲ್ಲಿ ಸರ್ಕಾರಿ ಕೋಟಾದ ಪಾಲು ಶೇ 45, ಖಾಸಗಿ ಕಾಲೇಜುಗಳ ಒಕ್ಕೂಟ ತನ್ನದೇ ಪರೀಕ್ಷೆಯ ಮೂಲಕ ತುಂಬುವ ಕಾಮೆಡ್‌–ಕೆ ಪಾಲು ಶೇ 30, ಆಡಳಿತ ಮಂಡಳಿಯ ಪಾಲು ಶೇ 25. ಅಂದರೆ 60ರಲ್ಲಿ 27 ಸೀಟು ಮಾತ್ರ ಸಿಇಟಿ ಮೂಲಕ ಸರ್ಕಾರಿ ಕೋಟಾಕ್ಕೆ ಬರುತ್ತವೆ. ಆ 27ರಲ್ಲಿ ಕನ್ನಡ ಮಾಧ್ಯಮದ ಪಾಲು, ಎಲ್ಲ ಪ್ರವರ್ಗಗಳನ್ನು ಒಟ್ಟು ಸೇರಿಸಿದರೂ, ಒಂದೂವರೆ ಸೀಟು ತುಂಬುವುದಿಲ್ಲ. ಗ್ರಾಮೀಣದ ಪಾಲು ನಾಲ್ಕು. ಆಡಳಿತ ಮಂಡಳಿಗೆ ಹದಿನೈದು. ಯಾವ ಮೀಸಲಾತಿ ದೊಡ್ಡದು ಎಂದು ಚರ್ಚಿಸುವಾಗ ಹಣದ ಬಲದಿಂದ ಸಿಗುವ ಈ ಹದಿನೈದನ್ನು ಲೆಕ್ಕದಿಂದ ಹೊರಗಿಡುವುದು ನಮ್ಮ ಚರ್ಚೆಯ ಹಳೆಯ ದೋಷ.

ಈ ವ್ಯವಸ್ಥೆ ಒಂದೇ ದಿನದಲ್ಲಿ ಆದದ್ದಲ್ಲ. ಪ್ರವೇಶದಲ್ಲಿ ನ್ಯಾಯದ ಪ್ರಶ್ನೆಯನ್ನು ಭಾರತದ ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಎದುರಿಸಿದ್ದು ನಮ್ಮ ರಾಜ್ಯದ ಪ್ರಕರಣಗಳ ಮೂಲಕವೇ. 1962ರ ಜುಲೈ 31ರಂದು ಮೈಸೂರು ಸರ್ಕಾರ ಹೊರಡಿಸಿದ ಆದೇಶ ಎಂಜಿನಿಯರಿಂಗ್ ಮತ್ತು ವೈದ್ಯಕೀಯ ಕಾಲೇಜುಗಳ ಸೀಟುಗಳಲ್ಲಿ ಹಿಂದುಳಿದ ವರ್ಗಗಳಿಗೆ ಶೇ 28, ಅತಿ ಹಿಂದುಳಿದವರಿಗೆ ಶೇ 22, ಪರಿಶಿಷ್ಟ ಜಾತಿಗೆ ಶೇ 15, ಪಂಗಡಕ್ಕೆ ಶೇ 3, ಒಟ್ಟು ಶೇ 68ರಷ್ಟನ್ನು ಮೀಸಲಿಟ್ಟಿತು. ಎಂ.ಆರ್. ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿ, ಮೀಸಲಾತಿ ಸ್ಥೂಲವಾಗಿ ಶೇ 50ರ ಒಳಗಿರಬೇಕು ಎಂದಿತು. ಆ ಮಾತು ದೇಶದ ರಾಜಕಾರಣವನ್ನು ಇಂದಿಗೂ ಹಿಡಿದು ಅಲುಗಾಡಿಸುತ್ತಿದೆ. ನನ್ನ ಮಟ್ಟಿಗೆ ಆ ಪ್ರಕರಣದ ಹೆಚ್ಚು ಕುತೂಹಲದ ಭಾಗ ಬೇರೆ. ಆದೇಶಕ್ಕೆ ಆಧಾರವಾಗಿದ್ದ ನಾಗನಗೌಡ ಸಮಿತಿಯು ಒಂದು ಸಮುದಾಯದ ಶೈಕ್ಷಣಿಕ ಹಿಂದುಳಿದಿರುವಿಕೆಯನ್ನು ಅಳೆಯಲು ಅದರ ಸಾವಿರ ಜನರಿಗೆ ಪ್ರೌಢಶಾಲೆಯ ಕೊನೆಯ ಮೂರು ತರಗತಿಗಳಲ್ಲಿ ಎಷ್ಟು ವಿದ್ಯಾರ್ಥಿಗಳಿದ್ದಾರೆ ಎಂದು ಎಣಿಸಿತ್ತು. ರಾಜ್ಯದ ಸರಾಸರಿ 6.9 ಎಂದು ಕಂಡುಕೊಂಡಿತ್ತು. ಅಂದರೆ ಕಾಲೇಜಿನ ಬಾಗಿಲಲ್ಲಿ ನಿಂತ ಹುಡುಗನ ಅಂಕಗಳಿಗಿಂತ ಮೊದಲು, ಅವನು ಬಂದ ಜನಸಮುದಾಯದಲ್ಲಿ ಎಷ್ಟು ಮಕ್ಕಳು ಪ್ರೌಢಶಾಲೆಯನ್ನಾದರೂ ತಲುಪಿದ್ದಾರೆ ಎಂದು ಕೇಳಬೇಕು ಎಂಬ ವಿವೇಕ ಅಲ್ಲಿತ್ತು. ಸರಾಸರಿಯ ಅಕ್ಕಪಕ್ಕದಲ್ಲಿದ್ದವರನ್ನೂ ಹಿಂದುಳಿದವರೆಂದು ಸೇರಿಸಿದ್ದನ್ನು ನ್ಯಾಯಾಲಯ ಒಪ್ಪಲಿಲ್ಲ. ಆದರೂ ಅಂಕಪಟ್ಟಿಯ ಹಿಂದಿರುವ ಶಾಲೆಯನ್ನು ನೋಡುವ ಆ ಕ್ರಮ ಆಮೇಲಿನ ಚರ್ಚೆಯಲ್ಲಿ ಮಸುಕಾದದ್ದು ನಮ್ಮ ನಷ್ಟ.

ಮರುವರ್ಷವೇ ಮೈಸೂರು ಸರ್ಕಾರ ಜಾತಿಯನ್ನು ಬಿಟ್ಟು ಆದಾಯ ಮತ್ತು ಕಸುಬನ್ನು ಹಿಡಿಯಿತು. ವರ್ಷಕ್ಕೆ 1,200 ರೂಪಾಯಿ ಅಥವಾ ಅದಕ್ಕಿಂತ ಕಡಿಮೆ ಆದಾಯವಿದ್ದು ಬೇಸಾಯ, ಸಣ್ಣ ವ್ಯಾಪಾರ, ಕೆಳದರ್ಜೆಯ ನೌಕರಿ, ಕುಶಲಕರ್ಮ ಅಥವಾ ಕೂಲಿಯನ್ನು ನಂಬಿದ ಕುಟುಂಬಗಳ ಮಕ್ಕಳು ಹಿಂದುಳಿದವರೆನಿಸಿದರು. ಜೊತೆಗೆ, ಲಿಖಿತ ಪರೀಕ್ಷೆಯ ಗರಿಷ್ಠ ಅಂಕಗಳ ಕಾಲುಭಾಗದಷ್ಟು ಅಂಕಗಳನ್ನು ಸಂದರ್ಶನಕ್ಕೆ ಇಡಲಾಯಿತು. ಸಾಮಾನ್ಯ ಜ್ಞಾನ, ಅಭಿರುಚಿ, ವ್ಯಕ್ತಿತ್ವ, ಎನ್‌ಸಿಸಿಯಂಥ ಚಟುವಟಿಕೆಗಳನ್ನು ನೋಡಿ ಆಯ್ಕೆ ಸಮಿತಿ ಅಂಕ ಕೊಡಬಹುದಿತ್ತು. 1964ರ ಚಿತ್ರಲೇಖಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಬಹುಮತ ಈ ಪದ್ಧತಿಯನ್ನು ಎತ್ತಿಹಿಡಿಯಿತು. ನ್ಯಾಯಮೂರ್ತಿ ಮುಧೋಳ್ಕರ್ ಅವರು ಭಿನ್ನಮತ ಬರೆದರು. ಸಂದರ್ಶನದ ಕೋಣೆಯಲ್ಲಿ ಯಾರ ಮಾತು ಸುಲಲಿತವಾಗಿರುತ್ತದೆ, ಯಾರ ತಂದೆಯ ಹೆಸರು ಸಮಿತಿಯವರಿಗೆ ಗೊತ್ತಿರುತ್ತದೆ ಎಂಬುದನ್ನು ಊಹಿಸಲು ಕಷ್ಟಪಡಬೇಕಿಲ್ಲ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯ 1920ರ ದಶಕದಲ್ಲಿ ಯಹೂದಿ ವಿದ್ಯಾರ್ಥಿಗಳ ಸಂಖ್ಯೆಯನ್ನು ತಗ್ಗಿಸಲು ನೆಚ್ಚಿಕೊಂಡದ್ದು ‘ನಡತೆ’ ಮತ್ತು ‘ವ್ಯಕ್ತಿತ್ವ’ದ ಇಂಥದೇ ಮೌಲ್ಯಮಾಪನವನ್ನು, ಅದೇ ವಿಶ್ವವಿದ್ಯಾಲಯದ ವಿರುದ್ಧ 2023ರ ಜೂನ್ 29ರಂದು ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪು ನೀಡಿದ ಪ್ರಕರಣದಲ್ಲಿಯೂ ಏಷ್ಯಾ ಮೂಲದ ಅಭ್ಯರ್ಥಿಗಳಿಗೆ ವ್ಯಕ್ತಿತ್ವದ ಅಂಕ ಕಡಿಮೆ ಬೀಳುತ್ತಿದೆ ಎಂಬುದು ವಾದದ ಮುಖ್ಯ ಭಾಗವಾಗಿತ್ತು. ಅಳತೆಗೋಲು ಆಯ್ಕೆ ಮಾಡುವವನ ಮನಸ್ಸಿನಲ್ಲಿದ್ದಾಗ ನ್ಯಾಯ ಅವನ ಮರ್ಜಿಗೆ ಸಿಕ್ಕುತ್ತದೆ.

ಇದಕ್ಕೆ ಕ್ಯಾಪಿಟೇಷನ್, ಅಂದರೆ ಸೀಟು ಕೊಡಲು ಶುಲ್ಕದಾಚೆಗೆ ಹಣ ಕೇಳುವ ಹಾವಳಿ ಸೇರಿಕೊಂಡಿತು. ಅದನ್ನು ನಿಷೇಧಿಸುವ ಕಾಯ್ದೆ 1984ರಲ್ಲೇ ಬಂದರೂ, ಅದರ ಅಡಿಯಲ್ಲಿ ಸರ್ಕಾರವೇ ಹೊರಡಿಸಿದ 1989ರ ಅಧಿಸೂಚನೆ ಖಾಸಗಿ ವೈದ್ಯಕೀಯ ಕಾಲೇಜುಗಳಲ್ಲಿ ಮೂರು ದರಗಳನ್ನು ಗೊತ್ತುಮಾಡಿತ್ತು: ಸರ್ಕಾರಿ ಸೀಟಿಗೆ ವರ್ಷಕ್ಕೆ 2,000, ಕರ್ನಾಟಕದ ಇತರರಿಗೆ 25,000, ಹೊರರಾಜ್ಯದವರಿಗೆ 60,000 ರೂಪಾಯಿ. ತುಮಕೂರಿನ ಖಾಸಗಿ ಕಾಲೇಜೊಂದರಲ್ಲಿ ಸೀಟು ಬಯಸಿ ಉತ್ತರ ಪ್ರದೇಶದ ಮೀರತ್‌ನಿಂದ ಬಂದಿದ್ದ ವಿದ್ಯಾರ್ಥಿನಿಯೊಬ್ಬರು ಈ ದರವನ್ನು ಪ್ರಶ್ನಿಸಿ ಹೂಡಿದ್ದೇ 1992ರ ಮೋಹಿನಿ ಜೈನ್ ಪ್ರಕರಣ. ಕ್ಯಾಪಿಟೇಷನ್ ಶುಲ್ಕ ಸಂವಿಧಾನಬಾಹಿರ ಎಂದು ಸುಪ್ರೀಂ ಕೋರ್ಟ್ ಹೇಳಿತು. ಮರುವರ್ಷದ ಉನ್ನಿಕೃಷ್ಣನ್ ತೀರ್ಪು ಖಾಸಗಿ ಕಾಲೇಜುಗಳ ಸೀಟುಗಳನ್ನೂ ಅರ್ಹತೆಯ ಆಧಾರದ ಮೇಲೆ ಹಂಚುವ ಯೋಜನೆಯನ್ನು ರೂಪಿಸಿತು. 1994ರಲ್ಲಿ ಕರ್ನಾಟಕದ ಸಾಮಾನ್ಯ ಪ್ರವೇಶ ಪರೀಕ್ಷೆಯ ಘಟಕ ಹುಟ್ಟಿದ್ದು ಈ ಹಿನ್ನೆಲೆಯಲ್ಲಿ.

ಸಿಇಟಿಯ ಬಗ್ಗೆ ಮಾತನಾಡುವಾಗ ಅದರ ಋಣವನ್ನು ಮರೆಯಬಾರದು. ಉತ್ತರ ಪತ್ರಿಕೆಯ ಮೇಲೆ ಹೆಸರಿಲ್ಲ, ಜಾತಿಯಿಲ್ಲ, ಶಿಫಾರಸು ಪತ್ರವಿಲ್ಲ. ಕೌನ್ಸೆಲಿಂಗ್ ಸಭಾಂಗಣದ ಪರದೆಯ ಮೇಲೆ ಯಾವ ಕಾಲೇಜಿನಲ್ಲಿ ಎಷ್ಟು ಸೀಟು ಉಳಿದಿವೆ ಎಂಬುದು ಎಲ್ಲರ ಕಣ್ಣೆದುರಿಗೆ ಮೂಡುತ್ತಿತ್ತು. ರೈತನ ಮಗಳೂ ಅಧಿಕಾರಿಯ ಮಗನೂ ಒಂದೇ ಸಾಲಿನಲ್ಲಿ ರ‍್ಯಾಂಕಿನ ಕ್ರಮದಲ್ಲೇ ಕರೆಗೆ ಕಾಯುತ್ತಿದ್ದರು. ತೊಂಬತ್ತರ ದಶಕದಲ್ಲಿ ತಾಲ್ಲೂಕು ಕೇಂದ್ರಗಳಿಂದ ಬಂದು ಎಂಜಿನಿಯರ್‌ಗಳಾಗಿ ಬೆಂಗಳೂರು ಸೇರಿದ, ಅಲ್ಲಿಂದ ಹೊರದೇಶಗಳಿಗೂ ಹೋದ ಒಂದು ತಲೆಮಾರಿನ ಕನ್ನಡಿಗರಿಗೆ ಈ ಪಾರದರ್ಶಕತೆಯೇ ಬಾಗಿಲು ತೆರೆಯಿತು. ಭ್ರಷ್ಟಾಚಾರವಿಲ್ಲದ ಪರೀಕ್ಷೆ ನ್ಯಾಯದ ಮೊದಲ ಷರತ್ತು. ವೈದ್ಯಕೀಯ ಪ್ರವೇಶದ ರಾಷ್ಟ್ರೀಯ ಪರೀಕ್ಷೆಯಾದ ನೀಟ್‌ನಲ್ಲಿ 2024ರಲ್ಲಿ 67 ಮಂದಿಗೆ 720ಕ್ಕೆ 720 ಅಂಕ ಬಂದು, 1,563 ಮಂದಿಗೆ ಕೊಟ್ಟಿದ್ದ ಕೃಪಾಂಕವನ್ನು ಹಿಂಪಡೆದು, ಪ್ರಶ್ನೆಪತ್ರಿಕೆ ಸೋರಿಕೆಯ ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋದಾಗ ಆ ಷರತ್ತು ಎಷ್ಟು ನಾಜೂಕಾದದ್ದು ಎಂಬುದು ದೇಶಕ್ಕೆಲ್ಲ ಗೊತ್ತಾಯಿತು.

ಆದರೆ ಪ್ರಾಮಾಣಿಕವಾಗಿ ನಡೆದ ಪರೀಕ್ಷೆ ಏನನ್ನು ಅಳೆಯುತ್ತದೆ ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಕನ್ನಡ ಮಾಧ್ಯಮದ ಹುಡುಗಿಯೊಬ್ಬಳು ಹತ್ತನೇ ತರಗತಿಯವರೆಗೆ ವೇಗೋತ್ಕರ್ಷ, ಆಮ್ಲ ಮತ್ತು ಪ್ರತ್ಯಾಮ್ಲ, ದ್ಯುತಿಸಂಶ್ಲೇಷಣೆ ಎಂದು ಓದಿರುತ್ತಾಳೆ. ಎಸ್‌ಎಸ್‌ಎಲ್‌ಸಿ ಮುಗಿಸಿ ಎರಡು ತಿಂಗಳಾಗುವಷ್ಟರಲ್ಲಿ ಪಿಯು ವಿಜ್ಞಾನದ ತರಗತಿಯಲ್ಲಿ ಅದೇ ವಿಷಯಗಳು ಆಕ್ಸಿಲರೇಷನ್, ಆಸಿಡ್, ಬೇಸ್, ಫೋಟೋಸಿಂಥೆಸಿಸ್ ಆಗಿ ಅವಳೆದುರು ನಿಲ್ಲುತ್ತವೆ. ಅವಳಿಗೆ ವಿಷಯ ಗೊತ್ತು, ಆದರೆ ಗೊತ್ತಿರುವ ವಿಷಯವನ್ನು ಹೊಸ ಹೆಸರಿನಲ್ಲಿ ಗುರುತಿಸಲು ಮೊದಲ ವರ್ಷದ ಬಹುಪಾಲು ಬೇಕು. ಅವಳ ಪಕ್ಕದಲ್ಲಿ ಕುಳಿತ, ಮೊದಲಿನಿಂದಲೂ ಇಂಗ್ಲಿಷಿನಲ್ಲೇ ಓದಿದವನು ಆ ವರ್ಷದಲ್ಲಿ ಲೆಕ್ಕ ಬಿಡಿಸುವ ವೇಗವನ್ನು ಗಳಿಸಿರುತ್ತಾನೆ. ಸಿಇಟಿಯಲ್ಲಿ ಒಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ಈ ಪರೀಕ್ಷೆ ತಿಳಿವಳಿಕೆಯ ಜೊತೆಗೆ ವೇಗವನ್ನೂ ಅಳೆಯುತ್ತದೆ, ಮತ್ತು ವೇಗ ಅಭ್ಯಾಸದಿಂದ, ಅಭ್ಯಾಸ ಬಿಡುವಿನಿಂದ, ಬಿಡುವು ಮನೆಯ ಅನುಕೂಲದಿಂದ ಬರುತ್ತದೆ. ನೀಟ್ ಪ್ರಶ್ನೆಪತ್ರಿಕೆ ಕನ್ನಡದಲ್ಲಿಯೂ ಲಭ್ಯವಿದೆ ಎಂಬುದು ನಿಜವಾದರೂ ಅದನ್ನು ಆರಿಸಿಕೊಳ್ಳುವವರು ತೀರಾ ಕಡಿಮೆ; ಎರಡು ವರ್ಷ ಇಂಗ್ಲಿಷಿನಲ್ಲಿ ಪಾಠ ಕೇಳಿದವರಿಗೆ ಪರೀಕ್ಷೆಯ ದಿನ ಕನ್ನಡದ ಪ್ರಶ್ನೆಪತ್ರಿಕೆ ಕೊಡುವುದರಿಂದ ಆಗುವ ಉಪಕಾರ ಅಲ್ಪ.

2024ರ ಸಿಇಟಿಯ ಪ್ರಸಂಗ ಇದನ್ನು ಇನ್ನಷ್ಟು ಸ್ಪಷ್ಟಪಡಿಸಿತು. ಆ ವರ್ಷದ ಪತ್ರಿಕೆಗಳಲ್ಲಿ ಪಠ್ಯಕ್ರಮದಿಂದ ಕೈಬಿಟ್ಟಿದ್ದ ಪಾಠಗಳ ಪ್ರಶ್ನೆಗಳು ಬಂದವು. ತಜ್ಞರ ಸಮಿತಿ ನೋಡಿದ ಮೇಲೆ ನಾಲ್ಕು ವಿಷಯಗಳ 240 ಪ್ರಶ್ನೆಗಳಲ್ಲಿ 50ನ್ನು ಮೌಲ್ಯಮಾಪನದಿಂದ ತೆಗೆದುಹಾಕಬೇಕಾಯಿತು. ಎಲ್ಲರಿಗೂ ಒಂದೇ ನಿಯಮ ಅನ್ವಯವಾಯಿತು, ನಿಜ. ಆದರೆ ಪರೀಕ್ಷಾ ಕೊಠಡಿಯಲ್ಲಿ ಆ ಪ್ರಶ್ನೆಗಳ ಮುಂದೆ ಹೆಚ್ಚು ಹೊತ್ತು ತೊಳಲಾಡಿದವರು ಯಾರು? ಸರ್ಕಾರ ಕೊಟ್ಟ ಪಠ್ಯಪುಸ್ತಕವನ್ನೇ ನಂಬಿ ಓದಿದವರು. ಕೋಚಿಂಗ್ ಕೇಂದ್ರದ ದಪ್ಪ ಪುಸ್ತಕದಲ್ಲಿ ಹಳೆಯ ಪಠ್ಯಕ್ರಮವನ್ನೂ ಓದಿದವರಿಗೆ ಅವು ಪರಿಚಿತವೇ ಆಗಿರಬಹುದಿತ್ತು.

ಎಂಜಿನಿಯರಿಂಗ್ ಪ್ರವೇಶದಲ್ಲಿ ಒಂದು ಸಮಾಧಾನವಿದೆ: ರ‍್ಯಾಂಕಿಗೆ ಸಿಇಟಿ ಅಂಕಗಳ ಅರ್ಧದ ಜೊತೆಗೆ ಪಿಯು ಅಂಕಗಳ ಅರ್ಧವೂ ಸೇರುತ್ತದೆ. ಪಿಯು ಪರೀಕ್ಷೆ ಪಠ್ಯಪುಸ್ತಕಕ್ಕೆ ಹತ್ತಿರವಿರುವುದರಿಂದ ಸರ್ಕಾರಿ ಕಾಲೇಜಿನ ಶ್ರಮಜೀವಿ ವಿದ್ಯಾರ್ಥಿಗೆ ಅದು ಆಸರೆ. ಆದರೆ ಇಲ್ಲಿಯೂ ಹೋಲಿಕೆಯ ತೊಡಕು ಎದುರಾಗುತ್ತದೆ. ಕೋವಿಡ್‌ನಿಂದಾಗಿ 2021ರಲ್ಲಿ ಪರೀಕ್ಷೆಯಿಲ್ಲದೆ ಉತ್ತೀರ್ಣರಾದವರು 2022ರಲ್ಲಿ ಮತ್ತೆ ಸಿಇಟಿ ಬರೆದಾಗ ಅವರ ಪಿಯು ಅಂಕಗಳನ್ನು ಪರಿಗಣಿಸುವುದಿಲ್ಲ ಎಂದು ಸರ್ಕಾರ ಹೇಳಿತು. ಹೈಕೋರ್ಟ್ ಆ ನಿರ್ಧಾರವನ್ನು ರದ್ದುಮಾಡಿತು. ಕೊನೆಗೆ ಅಂಕಗಳನ್ನು ಹೊಂದಿಸುವ ಸೂತ್ರವೊಂದನ್ನು ಮಾಡಬೇಕಾಯಿತು. ಒಂದು ವರ್ಷದ ಅಂಕವನ್ನು ಇನ್ನೊಂದು ವರ್ಷದ ಅಂಕದ ಜೊತೆ ಹಾಗೇ ಹೋಲಿಸಲಾಗದು ಎಂಬುದನ್ನು ನಾವು ಆಗ ಸುಲಭವಾಗಿ ಒಪ್ಪಿಕೊಂಡೆವು. ಗಣಿತದ ಉಪನ್ಯಾಸಕರ ಹುದ್ದೆ ಖಾಲಿಯಿರುವ ಕಾಲೇಜಿನಿಂದ ಬಂದ ಅಂಕವನ್ನು ವಸತಿಸಹಿತ ಕೋಚಿಂಗ್ ನಡೆಯುವ ಕಾಲೇಜಿನ ಅಂಕದ ಜೊತೆ ಹೋಲಿಸುವಾಗ ಅದೇ ತರ್ಕವನ್ನು ಒಪ್ಪಿಕೊಳ್ಳಲು ಯಾಕೋ ಹಿಂಜರಿಯುತ್ತೇವೆ.

ವೈದ್ಯಕೀಯ ಸೀಟಿಗೆ ಆ ಅರ್ಧದ ಆಸರೆಯೂ ಈಗಿಲ್ಲ. 2017ರಿಂದ ರಾಜ್ಯದ ಸರ್ಕಾರಿ ಸೀಟುಗಳಿಗೂ ನೀಟ್ ರ‍್ಯಾಂಕ್ ಒಂದೇ ಆಧಾರ. ಇದರ ಪರಿಣಾಮವನ್ನು ಎಚ್ಚರದಿಂದ ಅಳೆದು ನೋಡಿದ್ದು ನೆರೆಯ ತಮಿಳುನಾಡು. ನ್ಯಾಯಮೂರ್ತಿ ಎ.ಕೆ. ರಾಜನ್ ಸಮಿತಿ 2021ರಲ್ಲಿ ಕೊಟ್ಟ ವರದಿಯ ಪ್ರಕಾರ, ವೈದ್ಯಕೀಯ ಸೀಟು ಪಡೆದವರಲ್ಲಿ ತಮಿಳು ಮಾಧ್ಯಮದವರ ಶೇಕಡಾವಾರು ಪ್ರಮಾಣ ನೀಟ್ ಬಂದ ಮೇಲೆ ಎರಡಂಕಿಯಿಂದ ಒಂದಂಕಿಗೆ ಕುಸಿಯಿತು. ಅದಕ್ಕಿಂತ ಹೆಚ್ಚು ಯೋಚನೆಗೆ ಹಚ್ಚುವ ಅಂಕಿ ಇನ್ನೊಂದಿದೆ: ಎರಡನೇ ಅಥವಾ ಮೂರನೇ ಸಲ ಪರೀಕ್ಷೆ ಬರೆದು ಸೀಟು ಪಡೆದವರ ಪಾಲು 2016–17ರಲ್ಲಿ ಸುಮಾರು ಶೇ 12 ಇದ್ದದ್ದು 2020–21ರ ಹೊತ್ತಿಗೆ ಶೇ 71ಕ್ಕೆ ಏರಿತ್ತು. ಒಂದು ವರ್ಷ ಮನೆಯಲ್ಲಿ ಕುಳಿತು, ಕೋಚಿಂಗ್ ಶುಲ್ಕ ಕಟ್ಟಿ, ಮತ್ತೆ ಬರೆಯುವುದಕ್ಕೆ ಬೇಕಾದದ್ದು ಬುದ್ಧಿಯಷ್ಟೇ ಅಲ್ಲ. ದುಡಿಯುವ ಕೈಗೆ ಕಾಯುತ್ತಿರುವ ಮನೆ, ಮದುವೆಯ ಮಾತೆತ್ತುವ ಬಂಧುಗಳು ಇರುವಲ್ಲಿ ಆ ಒಂದು ವರ್ಷ, ಅದರಲ್ಲೂ ಹೆಣ್ಣುಮಕ್ಕಳಿಗೆ, ಸಿಗುವುದಿಲ್ಲ.

ಪ್ರತಿಭೆಯ ಹೆಸರಿನಲ್ಲಿ ಈ ವ್ಯವಸ್ಥೆಯನ್ನು ಸಮರ್ಥಿಸುವವರು 2023ರ ಒಂದು ನಿರ್ಧಾರವನ್ನು ನೆನಪಿಸಿಕೊಳ್ಳಬೇಕು. ಸ್ನಾತಕೋತ್ತರ ವೈದ್ಯಕೀಯ ಸೀಟುಗಳು ಖಾಲಿ ಉಳಿದಾಗ ನೀಟ್–ಪಿಜಿ ಅರ್ಹತೆಯ ಮಟ್ಟವನ್ನು ಎಲ್ಲ ವರ್ಗಗಳಿಗೂ ಸೊನ್ನೆ ಪರ್ಸೆಂಟೈಲ್‌ಗೆ ಇಳಿಸಲಾಯಿತು. ಅಂದರೆ ಪರೀಕ್ಷೆ ಬರೆದ ಎಲ್ಲರೂ ಅರ್ಹರೇ, ಶುಲ್ಕ ಕಟ್ಟಲು ಶಕ್ತಿಯಿದ್ದರೆ. ಪರಿಶಿಷ್ಟ ಅಭ್ಯರ್ಥಿಯ ಕಟ್‌ಆಫ್ ಸ್ವಲ್ಪ ಕೆಳಗಿದ್ದರೆ ಗುಣಮಟ್ಟದ ಬಗ್ಗೆ ವ್ಯಕ್ತವಾಗುವ ಆತಂಕ ಆಗ ಅಷ್ಟು ಜೋರಾಗಿ ಕೇಳಿಬರಲಿಲ್ಲ. 2022ರ ಜನವರಿಯಲ್ಲಿ ನೀಲ್ ಆರೆಲಿಯೊ ನ್ಯೂನ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸ್ಪರ್ಧಾತ್ಮಕ ಪರೀಕ್ಷೆಯೊಂದರ ಅಂಕಗಳಿಗಷ್ಟೇ ಅರ್ಹತೆಯನ್ನು ಕುಗ್ಗಿಸಬಾರದು, ಆ ಅಂಕಗಳ ಹಿಂದೆ ಕುಟುಂಬದ ಸಾಮಾಜಿಕ ಮತ್ತು ಆರ್ಥಿಕ ಬಲ ಕೆಲಸ ಮಾಡಿರುತ್ತದೆ ಎಂಬ ಆಶಯದ ಮಾತುಗಳನ್ನು ಬರೆದಿದೆ. ಆ ತೀರ್ಪು ಅಖಿಲ ಭಾರತ ಕೋಟಾದಲ್ಲಿ, ಅಂದರೆ ರಾಜ್ಯಗಳ ವೈದ್ಯಕೀಯ ಸೀಟುಗಳಲ್ಲಿ ದೇಶದ ಎಲ್ಲರಿಗೂ ತೆರೆದಿಟ್ಟ ಪಾಲಿನಲ್ಲಿ, ಹಿಂದುಳಿದ ವರ್ಗಗಳ ಮೀಸಲಾತಿಗೆ ಸಂಬಂಧಿಸಿದ್ದು; ಆದರೆ ಅದರ ತರ್ಕ ಹಳ್ಳಿಗೂ ಭಾಷೆಗೂ ಅಷ್ಟೇ ಸಲ್ಲುತ್ತದೆ.

ಹಾಗಾದರೆ ‘ಆರ್’ ಮತ್ತು ‘ಕೆ’ ಆ ಕೆಲಸವನ್ನು ಮಾಡುತ್ತಿವೆಯೇ? ಭಾಗಶಃ ಮಾತ್ರ. ಗ್ರಾಮೀಣ ಮೀಸಲಾತಿಯ ನಿಯಮ ನೋಡುವುದು ಶಾಲೆ ನಿಂತಿರುವ ಜಾಗವನ್ನು. ನಗರಸಭೆಯ ಗಡಿಯಿಂದ ಆಚೆ, ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ ನಡೆಯುವ ದುಬಾರಿ ಇಂಗ್ಲಿಷ್ ಮಾಧ್ಯಮದ ವಸತಿ ಶಾಲೆಯಲ್ಲಿ ಹತ್ತು ವರ್ಷ ಓದಿದವನೂ ಈ ವ್ಯಾಖ್ಯೆಯಲ್ಲಿ ಗ್ರಾಮೀಣ ಅಭ್ಯರ್ಥಿ. ಅದೇ ವೇಳೆ, ತನ್ನ ಹಳ್ಳಿಯಲ್ಲಿ ಪ್ರೌಢಶಾಲೆ ಇಲ್ಲದ ಕಾರಣ ಏಳನೇ ತರಗತಿಯ ನಂತರ ತಾಲ್ಲೂಕು ಪಟ್ಟಣದ ಹಿಂದುಳಿದ ವರ್ಗಗಳ ಹಾಸ್ಟೆಲ್ ಸೇರಿ ಅಲ್ಲಿನ ಸರ್ಕಾರಿ ಪ್ರೌಢಶಾಲೆಯಲ್ಲಿ ಓದಿದ ಹುಡುಗಿ ಗ್ರಾಮೀಣ ಅಭ್ಯರ್ಥಿಯಲ್ಲ, ಏಕೆಂದರೆ ಹತ್ತು ವರ್ಷಗಳಲ್ಲಿ ಮೂರು ವರ್ಷ ಪಟ್ಟಣದಲ್ಲಿ ಕಳೆದವು. ಶಾಲೆಗಾಗಿ ಊರು ಬಿಟ್ಟದ್ದೇ ಅವಳ ಗ್ರಾಮೀಣತೆಯ ದೊಡ್ಡ ಸಾಕ್ಷಿ. ನಿಯಮ ಅದನ್ನೇ ಅವಳ ವಿರುದ್ಧ ಎಣಿಸುತ್ತದೆ. ನಗರದ ಕೊಳೆಗೇರಿಯ ಪಕ್ಕದ ಸರ್ಕಾರಿ ಉರ್ದು ಅಥವಾ ತಮಿಳು ಶಾಲೆಯಲ್ಲಿ ಓದಿದ ಮಗುವಿಗೆ ‘ಆರ್’ ಕೂಡ ಇಲ್ಲ, ‘ಕೆ’ ಕೂಡ ಇಲ್ಲ. 371ಜೆ ಪಾಲಿಗೂ ಇದೇ ಸಮಸ್ಯೆ: ಕಲಬುರಗಿ ನಗರದ ವೈದ್ಯ ದಂಪತಿಯ ಮಗನೂ ಯಾದಗಿರಿಯ ಗುಳೆ ಹೋಗುವ ಕುಟುಂಬದ ಮಗಳೂ ಅದರಲ್ಲಿ ಸಮಾನ ಸ್ಪರ್ಧಿಗಳು.

ನ್ಯಾಯಾಲಯಗಳು ಹಳ್ಳಿ–ನಗರದ ಭೇದವನ್ನು ಸಂಶಯದಿಂದಲೇ ನೋಡಿವೆ ಎಂಬುದನ್ನೂ ಗಮನದಲ್ಲಿಡಬೇಕು. ಉತ್ತರ ಪ್ರದೇಶದ ವೈದ್ಯಕೀಯ ಕಾಲೇಜುಗಳಲ್ಲಿ ಹಳ್ಳಿಗರಿಗಿದ್ದ ಮೀಸಲಾತಿಯನ್ನು ಎಪ್ಪತ್ತರ ದಶಕದ ಪ್ರದೀಪ್ ಟಂಡನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ರದ್ದುಮಾಡಿತು. ಗುಡ್ಡಗಾಡು ಪ್ರದೇಶದವರ ಮೀಸಲಾತಿಯನ್ನು ಉಳಿಸಿತು. ಎಂಟನೇ ತರಗತಿಯವರೆಗೆ ಹಳ್ಳಿ ಶಾಲೆಯಲ್ಲಿ ಓದಿದವರಿಗೆ ಹರಿಯಾಣ ಇಟ್ಟಿದ್ದ 25 ಸೀಟುಗಳು 1984ರಲ್ಲಿ ಬಿದ್ದುಹೋದವು. ಮುಂದಿನ ತರಗತಿಗಳಲ್ಲಿ ಎಲ್ಲರೂ ಒಟ್ಟಿಗೇ ಓದುವಾಗ ಹಿಂದಿನ ಶಾಲೆಯ ಆಧಾರದ ಮೇಲೆ ಭೇದ ಮಾಡುವುದು ಸರಿಯಲ್ಲ ಎಂಬುದು ಅಲ್ಲಿನ ತರ್ಕ. ಈ ಎರಡನೇ ತರ್ಕವನ್ನು ನಾನು ಒಪ್ಪುವುದಿಲ್ಲ. ಎಂಟು ವರ್ಷದ ಅಡಿಪಾಯದ ಕೊರತೆ ನಾಲ್ಕು ವರ್ಷ ಒಂದೇ ಕೊಠಡಿಯಲ್ಲಿ ಕುಳಿತ ಮಾತ್ರಕ್ಕೆ ತುಂಬುವುದಿಲ್ಲ.

ತಮಿಳುನಾಡು ಬೇರೆ ದಾರಿ ಹಿಡಿಯಿತು. 2020ರಲ್ಲಿ ಅದು ಆರರಿಂದ ಹನ್ನೆರಡನೇ ತರಗತಿಯವರೆಗೆ ಸರ್ಕಾರಿ ಶಾಲೆಯಲ್ಲಿ ಓದಿದವರಿಗೆ ವೈದ್ಯಕೀಯ ಸೀಟುಗಳಲ್ಲಿ ಶೇ 7.5ರಷ್ಟನ್ನು ಮೀಸಲಿಡುವ ಕಾಯ್ದೆ ಮಾಡಿತು, ಮರುವರ್ಷ ಅದನ್ನು ಎಂಜಿನಿಯರಿಂಗ್‌ಗೂ ವಿಸ್ತರಿಸಿತು. ಮದ್ರಾಸ್ ಹೈಕೋರ್ಟ್ 2022ರ ಏಪ್ರಿಲ್‌ನಲ್ಲಿ ವೈದ್ಯಕೀಯ ಸೀಟುಗಳ ಕಾಯ್ದೆಯನ್ನು ಎತ್ತಿಹಿಡಿಯಿತು. ಜಾಗಕ್ಕಿಂತ ಶಾಲೆಯ ಬಗೆಯನ್ನು ನೋಡುವುದು ಹೆಚ್ಚು ನಿಖರ. ಇಂದು ತನ್ನ ಮಗುವನ್ನು ಸರ್ಕಾರಿ ಪ್ರೌಢಶಾಲೆಗೆ ಕಳುಹಿಸುವ ಕುಟುಂಬಕ್ಕೆ ಬೇರೆ ಆಯ್ಕೆ ಇರುವುದು ವಿರಳ, ಹಾಗಾಗಿ ಆ ಶಾಲೆಯ ಹೆಸರೇ ಆದಾಯ ಪ್ರಮಾಣಪತ್ರಕ್ಕಿಂತ ನಂಬಲರ್ಹ. ಸೀಟಿನ ಆಸೆಗಾಗಿ ಅನುಕೂಲಸ್ಥರು ಸರ್ಕಾರಿ ಶಾಲೆಗೆ ಮಕ್ಕಳನ್ನು ಸೇರಿಸಲು ಶುರುಮಾಡುತ್ತಾರೆ ಎಂಬ ಆಕ್ಷೇಪವಿದೆ. ಹಾಗೊಂದು ವೇಳೆ ಆದರೆ, ಆ ಶಾಲೆಗಳ ಶೌಚಾಲಯ, ಪ್ರಯೋಗಾಲಯ, ಖಾಲಿ ಹುದ್ದೆಗಳ ಬಗ್ಗೆ ದನಿಯೆತ್ತಬಲ್ಲ ಪೋಷಕರು ಅಲ್ಲಿಗೆ ಬಂದಂತಾಗುತ್ತದೆ. ಅದನ್ನು ಕೆಡುಕು ಎಂದು ಎಣಿಸಲು ನನ್ನಿಂದ ಆಗುವುದಿಲ್ಲ.

ದೂರದ ಟೆಕ್ಸಾಸ್‌ನ ಪ್ರಯೋಗವೂ ಇಲ್ಲಿ ಪ್ರಸ್ತುತ. ಜನಾಂಗವನ್ನು ನೋಡಿ ಪ್ರವೇಶ ಕೊಡಬಾರದು ಎಂದು 1996ರಲ್ಲಿ ಅಲ್ಲಿನ ಫೆಡರಲ್ ಮೇಲ್ಮನವಿ ನ್ಯಾಯಾಲಯ ಹೇಳಿದ ಮೇಲೆ, ರಾಜ್ಯದ ಶಾಸನಸಭೆ 1997ರಲ್ಲಿ ಪ್ರತಿ ಪ್ರೌಢಶಾಲೆಯ ಮೊದಲ ಶೇ 10ರಷ್ಟು ವಿದ್ಯಾರ್ಥಿಗಳಿಗೆ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ನೇರ ಪ್ರವೇಶ ಕೊಡುವ ಕಾನೂನು ಮಾಡಿತು. ಒಬ್ಬ ವಿದ್ಯಾರ್ಥಿಯನ್ನು ರಾಜ್ಯದ ಎಲ್ಲರ ಜೊತೆ ಹೋಲಿಸುವ ಬದಲು, ಅವನಿಗೆ ಸಿಕ್ಕ ಶಿಕ್ಷಕರೇ ಸಿಕ್ಕ, ಅವನು ಕುಳಿತ ಬೆಂಚಿನಲ್ಲೇ ಕುಳಿತ ಸಹಪಾಠಿಗಳ ಜೊತೆ ಹೋಲಿಸುವುದು ಅದರ ಒಳತಿರುಳು. ಅದಕ್ಕೂ ಮಿತಿಗಳಿವೆ, ಆಸ್ಟಿನ್‌ನ ವಿಶ್ವವಿದ್ಯಾಲಯ ಹೀಗೆ ಬರುವವರ ಪಾಲಿಗೆ ಆಮೇಲೆ ಮಿತಿ ಹಾಕಿಸಿಕೊಂಡಿತು. ಆದರೂ ಚಿಂತಾಮಣಿಯ ಅಥವಾ ಸಿಂದಗಿಯ ಸರ್ಕಾರಿ ಪಿಯು ಕಾಲೇಜಿಗೆ ಮೊದಲಿಗಳಾಗಿ ಬಂದವಳ ಸಾಧನೆಯನ್ನು ಅಳೆಯಲು ಇದಕ್ಕಿಂತ ಸರಳ ಮಾಪನ ನನಗೆ ಕಾಣುವುದಿಲ್ಲ. ಸಿಇಟಿ ರ‍್ಯಾಂಕನ್ನು ಕೈಬಿಡಬೇಕಿಲ್ಲ. ಸಮತಲ ಪಾಲಿನ ಸೀಟುಗಳನ್ನು ಹಂಚುವಾಗ ಸರ್ಕಾರಿ ಕಾಲೇಜಿನೊಳಗಿನ ಸ್ಥಾನವನ್ನೂ ಸೇರಿಸಿಕೊಳ್ಳಬಹುದು.

ಗುಣಮಟ್ಟದ ಪ್ರಶ್ನೆಗೆ ನೇರ ಉತ್ತರ ಕೊಡಬೇಕು. ಒಳಬರುವ ಬಾಗಿಲು ಬೇರೆಯಾದರೂ ಹೊರಹೋಗುವ ಬಾಗಿಲು ಒಂದೇ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಎಂಬಿಬಿಎಸ್ ಪರೀಕ್ಷೆಯಲ್ಲಿ ‘ಕೆ’ ವರ್ಗದವರಿಗೆ ಬೇರೆ ಉತ್ತೀರ್ಣ ಅಂಕವಿಲ್ಲ. ಆದರೆ ಸೀಟು ಕೊಟ್ಟು ಕೈತೊಳೆದುಕೊಂಡರೆ ಆಗುವ ಅನ್ಯಾಯವೂ ನಿಜ. ಮೊದಲ ಸೆಮಿಸ್ಟರಿನಲ್ಲಿ ಇಂಗ್ಲಿಷ್ ಪಾಠವನ್ನು ಹಿಂಬಾಲಿಸಲಾಗದೆ, ಸಂಶಯ ಕೇಳಲು ನಾಚಿ, ಬ್ಯಾಕ್‌ಲಾಗ್ ಬೆಳೆಸಿಕೊಂಡು ಕುಗ್ಗುವ ಹಳ್ಳಿಯ ಮಕ್ಕಳನ್ನು ಎಂಜಿನಿಯರಿಂಗ್ ಕಾಲೇಜುಗಳ ಅಧ್ಯಾಪಕರೆಲ್ಲ ಬಲ್ಲರು. ತರಗತಿ ಆರಂಭಕ್ಕೆ ಮುನ್ನ ಕೆಲವು ವಾರಗಳ ಭಾಷಾ ಸೇತುಬಂಧ, ಎರಡು ಭಾಷೆಯ ಪಾರಿಭಾಷಿಕ ಕೈಪಿಡಿ, ಮೊದಲ ವರ್ಷ ಜೊತೆಗಿರುವ ಹಿರಿಯ ವಿದ್ಯಾರ್ಥಿ: ಇವುಗಳಿಲ್ಲದ ಮೀಸಲಾತಿ ಅರ್ಧ ಕೆಲಸ.

ವೈವಿಧ್ಯದ ಮಾತು ಬಂದಾಗ ಅದನ್ನು ಕಾಲೇಜಿಗೆ ಶೋಭೆ ತರುವ ಸಂಗತಿಯಂತೆ ನೋಡುವವರಿದ್ದಾರೆ. ಕರ್ನಾಟಕದಲ್ಲಿ ಅದು ಆರೋಗ್ಯ ವ್ಯವಸ್ಥೆಯ ಅಗತ್ಯ. ಹಳ್ಳಿಗಳ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ವೈದ್ಯರು ಸಿಗುವುದಿಲ್ಲ ಎಂದೇ ವೈದ್ಯಕೀಯ ಪದವೀಧರರಿಗೆ ಒಂದು ವರ್ಷದ ಕಡ್ಡಾಯ ಸೇವೆಯ ಕಾಯ್ದೆಯನ್ನು 2012ರಲ್ಲಿ ಮಾಡಲಾಯಿತು, ಅದರ ವಿರುದ್ಧ ವಿದ್ಯಾರ್ಥಿಗಳು ನ್ಯಾಯಾಲಯದ ಮೆಟ್ಟಿಲೇರಿದರು. ಹಳ್ಳಿಯನ್ನು ನೋಡದೆ ಬೆಳೆದವರನ್ನು ಆಯ್ದು, ಆಮೇಲೆ ಕಾನೂನಿನ ಬಲದಿಂದ ಹಳ್ಳಿಗೆ ಕಳುಹಿಸುವುದು ಒಂದು ಕ್ರಮ. ರೋಗಿ ‘ಎದಿ ಹಿಡಕೊಂಡಂಗ ಆಗತೈತಿ’ ಎಂದಾಗ ಅದು ನೋವೋ, ಉಸಿರಾಟದ ತೊಂದರೆಯೋ, ಭಯವೋ ಎಂದು ಮಾತಿನ ಧಾಟಿಯಿಂದಲೇ ತಿಳಿಯಬಲ್ಲವರನ್ನು ಆಯ್ಕೆಯ ಹಂತದಲ್ಲೇ ಹೆಚ್ಚು ಮಂದಿ ಒಳಗೆ ತರುವುದು ಇನ್ನೊಂದು ಕ್ರಮ. ಎರಡನೆಯದಕ್ಕೆ ದಂಡದ ಬಾಂಡ್ ಅಷ್ಟಾಗಿ ಬೇಕಾಗುವುದಿಲ್ಲ ಎಂದು ನಾನು ನಂಬುತ್ತೇನೆ.

ಈ ಯಾವ ಬದಲಾವಣೆಗೂ ಮೊದಲು ಬೇಕಾದದ್ದು ಮಾಹಿತಿ, ಅದು ಸರ್ಕಾರದ ಕೈಯಲ್ಲೇ ಇದೆ. ಒಂದು ಕಾಲದಲ್ಲಿ ಹತ್ತು ವರ್ಷದ ವ್ಯಾಸಂಗ ಪ್ರಮಾಣಪತ್ರಕ್ಕಾಗಿ ಶಾಲೆಯಿಂದ ಶಾಲೆಗೆ ಅಲೆದು, ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿಗೆ ಕಾಯಬೇಕಿತ್ತು. ಈಗ ರಾಜ್ಯದ ಪ್ರತಿ ಶಾಲಾ ಮಗುವಿಗೂ ಸ್ಯಾಟ್ಸ್ (ವಿದ್ಯಾರ್ಥಿಗಳ ಕಲಿಕೆಯ ದಾಖಲೆ ಇಡುವ ಸರ್ಕಾರಿ ವ್ಯವಸ್ಥೆ) ಸಂಖ್ಯೆ ಇದೆ. ಯಾವ ವರ್ಷ, ಯಾವ ಶಾಲೆ, ಯಾವ ಮಾಧ್ಯಮ ಎಂಬುದು ಅದರಲ್ಲಿ ದಾಖಲಾಗುತ್ತದೆ. ಆ ಸಂಖ್ಯೆಯನ್ನು ಸೀಟು ಹಂಚಿಕೆಯ ಪಟ್ಟಿಗೆ ಜೋಡಿಸಿದರೆ, ಈ ವರ್ಷ ಬೆಂಗಳೂರು ವೈದ್ಯಕೀಯ ಕಾಲೇಜು ಮತ್ತು ಸಂಶೋಧನಾ ಸಂಸ್ಥೆಗೆ ಸರ್ಕಾರಿ ಪ್ರೌಢಶಾಲೆಯಿಂದ ಎಷ್ಟು ಮಂದಿ ಬಂದರು, ‘ಆರ್’ ಸೀಟು ಪಡೆದವರಲ್ಲಿ ಇಂಗ್ಲಿಷ್ ಮಾಧ್ಯಮದ ಖಾಸಗಿ ಶಾಲೆಯವರೆಷ್ಟು, ‘ಕೆ’ ಸೀಟು ಪಡೆದವರಲ್ಲಿ ಮೊದಲ ವರ್ಷ ದಾಟಿದವರೆಷ್ಟು ಎಂಬುದನ್ನು ಯಾರ ಹೆಸರನ್ನೂ ಬಹಿರಂಗಪಡಿಸದೆ, ಕಾಲೇಜುವಾರು ಪ್ರಕಟಿಸಬಹುದು. ಕಟ್‌ಆಫ್ ಪಟ್ಟಿಯನ್ನು ಪ್ರಕಟಿಸುವ ಜಾಲತಾಣದಲ್ಲೇ, ಅದರ ಪಕ್ಕದ ಕಂಬಸಾಲಿನಲ್ಲಿ, ಇದಕ್ಕೆ ಜಾಗವಿದೆ.